ಜೀನಿನ ಅಳತೆ

ಮಗಳು ‘ಚೆನ್ನಾಗಿದೆ’ ಎಂದ ರೀತಿ ಅವಳಿಗೆ ಹಿಡಿಸಲಿಲ್ಲ. ಜೀನಿನ ಅಂಗಡಿಯ ನಡುವೆ ನಿಲ್ಲಿಸಿದ್ದ ಮರದ ಕುದುರೆಗೆ ಹಾಕಿದ್ದ ಜೀನಿನ ಮೇಲೆ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳಲು ಕೂತವಳಂತೆ ಕೂತು, ಮುಖದಲ್ಲಿ ಏನೂ ಇಲ್ಲದೆ, ‘ಚೆನ್ನಾಗಿದೆ ಅತ್ತೆ’ ಎಂದಿದ್ದಳು. ಹನ್ನೊಂದು ವರ್ಷದ ಈ ಹುಡುಗಿಗೆ ಇಷ್ಟವಾದದ್ದು ಕಂಡರೆ ಮೂಗಿನ ತುದಿ ಕೆಂಪಾಗುತ್ತದೆ. ಇಷ್ಟವಿಲ್ಲದಿದ್ದರೆ ತಟ್ಟೆಯನ್ನು ಒಂದೇ ಬೆರಳಿನಿಂದ ದೂರ ತಳ್ಳುತ್ತಾಳೆ, ಯಾರು ಗದರಿದರೂ ಮತ್ತೆ ಹತ್ತಿರ ಎಳೆದುಕೊಳ್ಳುವುದಿಲ್ಲ. ಈಗ ಮೂಗೂ ಕೆಂಪಾಗಿರಲಿಲ್ಲ, ಬೆರಳೂ ಅಲುಗಿರಲಿಲ್ಲ. ಅವಳ ಬೆನ್ನಿಗೂ ಜೀನಿನ ಹಿಂದಿನ ಏರಿಗೂ ನಡುವೆ ಇನ್ನೊಂದು ಮಗುವನ್ನು ಕೂರಿಸಬಹುದಿತ್ತು. ಮಂಡಿ ಇರಬೇಕಾದಲ್ಲಿ ಇರದೆ ಕಾಲುಗಳು ಮುಂದಕ್ಕೆ ಚಾಚಿಕೊಂಡಿದ್ದವು. ಗಂಡನ ಅಕ್ಕ, ಅಂದರೆ ಮದುವೆಯಾದ ದಿನದಿಂದ ಅವಳು ಅತ್ತಿಗೆ ಎಂದು ಕರೆಯುತ್ತ ಬಂದವರು, ಹುಡುಗಿಯ ಹಿಂದೆ ಉಳಿದಿದ್ದ ಆ ಜಾಗವನ್ನು ಅಂಗೈಯಿಂದ ತಟ್ಟಿ, ಬೆಳೆಯೋದಕ್ಕೆ ಎಷ್ಟು ಜಾಗ ಇದೆ ನೋಡು ಎಂದರು. ಬಾಡಿಗೆ ಮನೆ ತೋರಿಸುವವರ ದನಿ ಅದು.

ಆ ‘ಚೆನ್ನಾಗಿದೆ’ಯನ್ನು ಕಲಿಸಿದವಳು ತಾನೇ. ಇವತ್ತೇ ಬೆಳಿಗ್ಗೆ ಜಡೆ ಹಾಕುತ್ತ, ಬಾಯಲ್ಲಿ ಹಿಡಿದಿದ್ದ ಹೇರ್‌ಪಿನ್ನಿನ ಸಂದಿಯಿಂದಲೇ, ಅತ್ತೆ ಯಾವುದು ಆರಿಸಿದರೂ ಚೆನ್ನಾಗಿದೆ ಅನ್ನು, ವಾದ ಮಾಡಬೇಡ, ಕುದುರೆ ಅವರದು ಎಂದಿದ್ದಳು. ಮಗಳು ಕನ್ನಡಿಯಲ್ಲಿ ಅವಳನ್ನೇ ನೋಡುತ್ತ, ಚೆನ್ನಾಗಿಲ್ಲದಿದ್ದರೆ ಎಂದು ಕೇಳಿದ್ದಳು. ಆಗಲೂ ಅನ್ನು. ಅಷ್ಟು ಸಲೀಸಾಗಿ ಬಾಯಿಂದ ಬಂದಿತ್ತು ಅದು. ಜಡೆಯ ಮೂರನೆಯ ಎಳೆಯನ್ನು ಎರಡನೆಯದರ ಮೇಲೆ ಹಾಕಿದಷ್ಟೇ ಸಲೀಸಾಗಿ. ಈಗ ಮರದ ಕುದುರೆಯ ಮೇಲಿಂದ ತನ್ನದೇ ಮಾತು ತನ್ನದೇ ದನಿಯಲ್ಲಿ, ಇಳಿಸಿದ ಬೆಲೆಗೆ, ವಾಪಸು ಬಂದಿತ್ತು. ಇಷ್ಟು ಬೇಗ ಕಲಿಯುತ್ತಾಳೆಂದು ಗೊತ್ತಿರಲಿಲ್ಲ. ಗಣಿತ ಕಲಿಯಲು ವಾರಗಟ್ಟಲೆ ತೆಗೆದುಕೊಳ್ಳುವ ಹುಡುಗಿ.

ಅಂಗಡಿಯಲ್ಲಿ ಚರ್ಮದ ವಾಸನೆ, ಮೇಣದ ವಾಸನೆ. ಗೋಡೆಯುದ್ದಕ್ಕೂ ಕಬ್ಬಿಣದ ಕೈಗಳ ಮೇಲೆ ಜೀನುಗಳು ಬೋರಲಾಗಿ ಕೂತಿದ್ದವು. ಬಾಗಿಲಿನಿಂದ ಒಳಗೆ ಬಂದಾಗ ಅಂಗಡಿಯವನು ನೇರವಾಗಿ ಅತ್ತಿಗೆಯ ಬಳಿ ಹೋಗಿ, ಮಗು ನಿಮ್ಮದಾ ಎಂದು ಕೇಳಿದ್ದ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಅತ್ತಿಗೆ ಎತ್ತರ, ಕಾಲಿಗೆ ಮಂಡಿವರೆಗಿನ ಬೂಟು, ಒಂದು ಕಾಲದಲ್ಲಿ ಬೇಲಿ ಹಾರಿಸಿ ಪದಕ ಗೆದ್ದವರ ನಡಿಗೆ. ಇವಳಾದರೋ ಹಲ್ಲಿನ ಸೆಟ್ಟು ತಯಾರಿಸುವ ಕಾರ್ಯಾಗಾರದಿಂದ ಅರ್ಧ ದಿನ ರಜೆ ಹಾಕಿ ಬಂದವಳು. ಉಗುರಿನ ಸಂದಿಯಲ್ಲಿ ಇನ್ನೂ ಪ್ಲಾಸ್ಟರಿನ ಬಿಳಿ. ನನ್ನ ತಮ್ಮನ ಮಗಳು ಎಂದರು ಅತ್ತಿಗೆ, ಮತ್ತು ಇವಳ ಕಡೆ ಕೈ ತೋರಿಸಿ, ಇವಳು ಅವಳ ತಾಯಿ ಎಂದರು. ಕೊಡೆಯನ್ನು ಎಲ್ಲಿಡಬೇಕೆಂದು ತೋರಿಸುವ ಕೈ ಸಾಮಾನ್ಯವಾಗಿ ಹಾಗಿರುತ್ತದೆ. ಅಂಗಡಿಯವನು ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಸೊಂಟದ ಹಿಂಬದಿಯಿಂದ ಮಂಡಿಯವರೆಗೆ ಟೇಪು ಹಿಡಿದು, ಹದಿನಾರು ಇಂಚಿನದು ಸಾಕು ಎಂದ. ಅತ್ತಿಗೆ ನಕ್ಕರು. ಹದಿನೇಳೂವರೆ ತೆಗಿ, ಎಂದರು, ಇವಳಿಗೆ ವರ್ಷ ವರ್ಷ ಜೀನು ಕೊಡಿಸುತ್ತ ಕೂರೋಕ್ಕಾಗತ್ತಾ. ಆಮೇಲೆ ಅವನು ಕುದುರೆಯ ಬೆನ್ನಿನ ಅಳತೆ ತಂದಿದ್ದೀರಾ, ಬಾಗುವ ಪಟ್ಟಿ ಕೊಡುತ್ತೇನೆ, ಹೆಗಲಿನ ಮೇಲಿಟ್ಟು ಒತ್ತಿ ಅದೇ ಆಕಾರವನ್ನು ಕಾಗದದ ಮೇಲೆ ಗೀಚಿಕೊಂಡು ಬಂದರೆ ಆಯಿತು ಎಂದು ಶುರು ಮಾಡಿದ್ದ. ಅತ್ತಿಗೆ ಅವನನ್ನು ಮುಗಿಸಲು ಬಿಡಲಿಲ್ಲ. ನನ್ನ ಕುದುರೆ ಕಣಪ್ಪ, ಮರಿ ಇದ್ದಾಗಿನಿಂದ ನೋಡಿದ್ದೀನಿ, ತೆಳು ಬೆನ್ನು, ಒಳಗೆ ಇಕ್ಕಟ್ಟಿನ ಚೌಕಟ್ಟಿರೋ ಜೀನೇ ಬೇಕು. ಇವಳಿಗೂ ಆ ಮಾತು ಬೇಗ ಮುಗಿದರೆ ಸಾಕಾಗಿತ್ತು. ಕುದುರೆಯ ಸುದ್ದಿ ಇಲ್ಲಿ ಯಾರಿಗೆ ಬೇಕಿತ್ತು? ಅವಳ ಕಣ್ಣು ಇದ್ದದ್ದು ಮಗಳ ಬೆನ್ನ ಹಿಂದಿನ ಖಾಲಿ ಜಾಗದ ಮೇಲೆ.

ಆ ಜಾಗ ಅವಳಿಗೆ ಚೆನ್ನಾಗಿ ಗೊತ್ತಿದ್ದ ಜಾಗ. ಅವಳ ಬಾಲ್ಯವೆಲ್ಲ ಅಲ್ಲೇ ಕಳೆದಿತ್ತು. ಅಪ್ಪ ಕೊಡಿಸುತ್ತಿದ್ದ ಶೂಗಳ ತುದಿಯಲ್ಲಿ ಹತ್ತಿ ತುರುಕಿರುತ್ತಿದ್ದರು. ಲಂಗದ ಅಂಚನ್ನು ಒಳಗೆ ಮಡಿಸಿ ಹೊಲಿದಿರುತ್ತಿದ್ದರು, ಮಡಿಕೆಯ ಗೆರೆ ಕೊನೆಯವರೆಗೂ ಅಳಿಸುತ್ತಿರಲಿಲ್ಲ. ಬೆಳೀತಾಳೆ ಬಿಡು, ಎನ್ನುತ್ತಿದ್ದರು. ಶಾಲೆಯ ಕವಾಯಿತಿನಲ್ಲಿ ಧ್ವಜ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವಾಗ ಎಡಗಾಲಿನ ಶೂ ಕಳಚಿ ಹಿಂದೆ ಉಳಿಯಿತು. ಅವಳು ನಿಲ್ಲಲಿಲ್ಲ. ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಕಾಲುಚೀಲ, ಬಿಸಿ ಮೈದಾನ, ಹಿಂದಿನ ಸಾಲಿನಲ್ಲಿ ಕಿಸಕ್ಕೆಂದ ನಗು. ಕವಾಯಿತು ಮುಗಿದ ಮೇಲೆ ಆಟದ ಮೇಷ್ಟ್ರು ಎಲ್ಲರೆದುರು ಅವಳ ಬೆನ್ನು ತಟ್ಟಿ, ನೋಡಿ, ಹುಡುಗಿ ಅಂದರೆ ಹೀಗಿರಬೇಕು, ಏನೇ ಆದರೂ ಹೊಂದಿಕೊಂಡು ಹೋಗಬೇಕು ಎಂದರು. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯನ್ನು ಅವಳು ಇವತ್ತಿಗೂ ಕ್ಷಮಿಸಿಲ್ಲ. ಯಾರಾದರೊಬ್ಬರು ಓಡಿ ಬಂದು ಶೂ ತಂದುಕೊಟ್ಟಿದ್ದರೆ ಸಾಕಿತ್ತು. ಚಪ್ಪಾಳೆ ತಟ್ಟಿಬಿಟ್ಟರು, ಮತ್ತು ಅವಳು ಅದನ್ನೇ ಬಾಳಾಗಿ ಮಾಡಿಕೊಂಡುಬಿಟ್ಟಳು. ಮದುವೆಯಾಗಿ ಬಂದಾಗ ಗಂಡನ ಮನೆಯ ಕೋಣೆಯಲ್ಲಿ ಕನ್ನಡಿಯನ್ನು ಅತ್ತಿಗೆಯ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದ್ದರು. ಅದರಲ್ಲಿ ಅವಳಿಗೆ ತನ್ನ ಹಣೆಯಿಂದ ಮೇಲೆ ಮಾತ್ರ ಕಾಣುತ್ತಿತ್ತು. ಬೊಟ್ಟು ಸರಿಯಾಗಿದೆಯಾ ಎಂದು ನೋಡಲು ವರ್ಷಗಟ್ಟಲೆ ತುದಿಗಾಲಲ್ಲಿ ನಿಂತಳು. ಕೆಳಗೆ ಇಳಿಸಿ ಎಂದು ಬಾಯಿಬಿಟ್ಟು ಕೇಳಲಿಲ್ಲ. ಮಗಳು ಹುಟ್ಟಿದಾಗ ತೂಕ ಕಡಿಮೆ. ತೊಟ್ಟಿಲಿಗೆ ಬಗ್ಗಿದ ಅತ್ತಿಗೆ, ಇದೇನು ಜೀರಿಗೆ ಕಾಳಿನಷ್ಟಿದೆ ಎಂದರು, ಹೆಸರು ಅಂಟಿಕೊಂಡಿತು. ಜೀರಿಗೆ. ಆಗಲೂ ಅವಳು ಎಲ್ಲರ ಜೊತೆ ನಕ್ಕಿದ್ದಳು.

ಕಾರ್ಯಾಗಾರದಲ್ಲಿ ಡಾಕ್ಟರು ಫೋನಿನಲ್ಲಿ ರೋಗಿಗಳಿಗೆ ಹೇಳುವುದು ಅವಳಿಗೆ ದಿನವೂ ಕೇಳಿಸುತ್ತದೆ. ಸ್ವಲ್ಪ ದಿನ ಹಾಕಿಕೊಂಡಿರಿ, ಅಭ್ಯಾಸ ಆಗತ್ತೆ. ಆಗುವುದಿಲ್ಲ ಎಂದು ಅವಳಿಗೆ ಗೊತ್ತು. ಒಸಡಿನಲ್ಲಿ ಹುಣ್ಣಾಗುತ್ತದೆ, ಅವರು ಸೆಟ್ಟನ್ನು ಲೋಟದಲ್ಲಿ ಹಾಕಿಟ್ಟು ಬೊಚ್ಚು ಬಾಯಲ್ಲಿ ಗಂಜಿ ಕುಡಿಯಲು ಕಲಿಯುತ್ತಾರೆ, ಡಾಕ್ಟರು ಸಿಕ್ಕಾಗ ಚೆನ್ನಾಗಿದೆ ಸಾರ್ ಎನ್ನುತ್ತಾರೆ. ಅವಳು ಮುಂದಿನ ಅಚ್ಚಿಗೆ ಪ್ಲಾಸ್ಟರು ಕಲಸುತ್ತಾಳೆ. ಜಗತ್ತಿನಲ್ಲಿ ಎಷ್ಟು ಜನ ಹೀಗೆ ಚೆನ್ನಾಗಿದೆ ಎನ್ನುತ್ತ ಓಡಾಡುತ್ತಿರಬಹುದು ಎಂದುಕೊಂಡರೆ ಅವಳಿಗೆ ಕೆಲವೊಮ್ಮೆ ರಸ್ತೆಯಲ್ಲಿ ನಡೆಯುವಾಗಲೇ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರಳು.

ಅಂಗಡಿಯವನು ಆ ದೊಡ್ಡ ಜೀನನ್ನು ಕಟ್ಟಲೇ ಎಂದು ಅತ್ತಿಗೆಯನ್ನು ಕೇಳುತ್ತಿದ್ದ. ‘ಹದಿನಾರರದ್ದೂ ಕೊಡಿ’ ಎಂದಳು ಅವಳು. ತನ್ನ ದನಿ ತನಗೇ ಎಲ್ಲೋ ಕಪಾಟಿನ ಹಿಂದಿನಿಂದ ಬಂದಂತೆ ಕೇಳಿಸಿತು. ಎರಡನ್ನೂ ಲಾಯಕ್ಕೆ ತೆಗೆದುಕೊಂಡು ಹೋಗಿ ಹಾಕಿ ನೋಡುತ್ತೇವೆ, ಸರಿ ಬಂದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ನಾಳೆ ತಂದುಕೊಡುತ್ತೇವೆ. ಅತ್ತಿಗೆ ತಿರುಗಿ ನೋಡಿದರು. ಅಡುಗೆಮನೆಯ ಸ್ಟೂಲು ಎದ್ದು ಮಾತಾಡಿದ್ದರೂ ಅವರ ಹುಬ್ಬು ಅಷ್ಟು ಮೇಲೇರುತ್ತಿರಲಿಲ್ಲ. ಯಾಕೆ ಸುಮ್ಮನೆ ಭಾರ ಹೊರೋದು ಎಂದರು. ನಾನು ಹೊರುತ್ತೇನೆ ಎಂದಳು. ನೋಡಲು ಕೊಡುವ ಜೀನಿಗೆ ಗೀರು ಬಿದ್ದರೆ ವಾಪಸು ತೆಗೆದುಕೊಳ್ಳುವುದಿಲ್ಲ, ರಿಕಾಪಿನ ಪಟ್ಟಿಗೆ ಹಳೆಯ ಕಾಲುಚೀಲ ತೊಡಿಸಿ ಎಂದು ಅಂಗಡಿಯವನು ಹೇಳಿದ. ರಿಕಾಪೆಂದರೆ ಸವಾರರು ಕಾಲೂರುವ ಕಬ್ಬಿಣದ ಬಳೆ, ಅದರ ಪಟ್ಟಿ ಜೀನಿನ ಚರ್ಮಕ್ಕೆ ಉಜ್ಜಿ ಗುರುತು ಬೀಳುತ್ತದಂತೆ. ಜೀರಿಗೆ ಮರದ ಕುದುರೆಯಿಂದ ಇಳಿದು ಅಮ್ಮನ ಮುಖವನ್ನು ಓರೆಗಣ್ಣಿನಲ್ಲಿ ಅಳೆದಳು. ಬೆಳಿಗ್ಗೆ ಹೇಳಿಕೊಟ್ಟ ಪಾಠಕ್ಕೂ ಇದಕ್ಕೂ ತಾಳೆಯಾಗುತ್ತಿಲ್ಲವಲ್ಲ ಎಂದಿತ್ತು ಆ ನೋಟದಲ್ಲಿ.

ಕಾರನ್ನು ಅತ್ತಿಗೆಯೇ ಓಡಿಸಿದರು. ಹಿಂದಿನ ಸೀಟಿನಲ್ಲಿ ಎರಡು ಜೀನುಗಳ ನಡುವೆ ಜೀರಿಗೆ. ಅತ್ತಿಗೆ ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ತಮ್ಮದೇ ಮಗಳು ದೊಡ್ಡವಳಾಗಿ ಬೇರೆ ಕುದುರೆ ಹತ್ತಿದ ಮೇಲೆ ಹಳೆಯ ಹೆಣ್ಣು ಕುದುರೆಯನ್ನು ಮಾರದೆ, ಜೀರಿಗೆ ಕಲಿಯಲಿ ಎಂದು ಇಟ್ಟುಕೊಂಡವರು ಅವರೇ. ಲಾಯದ ಖರ್ಚು ಅವರದೇ. ಜೀನೊಂದನ್ನು ನೀವು ಕೊಡಿಸಿ ಸಾಕು ಎಂದಿದ್ದರು, ಆಮೇಲೆ ಅದನ್ನು ಆರಿಸಲು ತಾವೇ ಹೊರಟರು. ಅವರ ಒಳ್ಳೆಯತನ ಮನೆ ತುಂಬ ಹೀಗೆ ಹರಡಿಕೊಂಡಿತ್ತು, ಕಾಲಿಡಲು ಜಾಗ ಇರುತ್ತಿರಲಿಲ್ಲ. ಗಂಡನ ಫೋನು ಬಂತು. ಅಕ್ಕ ಅಂಗಡಿಯಿಂದಲೇ ಸಂದೇಶ ಕಳಿಸಿರಬೇಕು. ಅಕ್ಕನಿಗೆ ಗೊತ್ತಿರತ್ತೆ ಬಿಡು, ನೀನ್ಯಾಕೆ ಮಧ್ಯೆ ತಲೆ ಹಾಕ್ತೀಯ ಎಂದ. ಬೇಸರದಿಂದೇನಲ್ಲ, ಪ್ರೀತಿಯಿಂದಲೇ, ಮಳೆ ಬರಬಹುದು ಕೊಡೆ ತಗೋ ಎನ್ನುವಂತೆ. ಮಧ್ಯೆ ಎಂದರೆ ಎಲ್ಲಿ? ತನ್ನ ಮಗಳಿಗೂ ಆ ಮಗಳ ಜೀನಿಗೂ ಮಧ್ಯೆ ತಾನು ಎಲ್ಲಿಂದ ಬಂದಳು? ಆಮೇಲೆ ಮಾತಾಡ್ತೀನಿ ಎಂದು ಅವಳು ಫೋನನ್ನು ಚೀಲದೊಳಗೆ ಹಾಕಿದಳು. ಅದು ಮತ್ತೆ ಗುರ್ರೆಂದಿತು. ಗುರ್ರೆನ್ನಲಿ ಎಂದು ಕಿಟಕಿಯ ಆಚೆ ನೋಡಿದಳು. ಜೀವ ಹಗುರವಾದಂತಾಯಿತು.

ಲಾಯದ ಅಂಗಳದಲ್ಲಿ ಮುದುಕಿಯನ್ನು ಕಟ್ಟಿದ್ದರು. ಮುದುಕಿ ಎನ್ನುವುದು ಆ ಹೆಣ್ಣು ಕುದುರೆಗೆ ಜೀರಿಗೆ ಇಟ್ಟ ಹೆಸರು. ದಾಖಲೆಯಲ್ಲಿರುವ ಗತ್ತಿನ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಕಂದು ಮೈ, ಕಣ್ಣಿನ ಮೇಲೆ ನರೆತ ಕೂದಲು, ಸ್ಪರ್ಧೆಗಳೆಲ್ಲ ಮುಗಿದು ಹುಲ್ಲುಗಾವಲಿನಲ್ಲಿ ಬೆಳೆಸಿಕೊಂಡ ಹೊಟ್ಟೆ. ಜೀರಿಗೆಯನ್ನು ಕಂಡು ಮೂಗಿನಿಂದ ಸಣ್ಣಗೆ ಸದ್ದು ಮಾಡಿತು. ಹುಡುಗಿಯ ಮೂಗಿನ ತುದಿ ಆಗ ಕೆಂಪಾದದ್ದನ್ನು ಅವಳು ನೋಡಿದಳು. ಆ ಕೆಂಪಿಗಾಗಿ ಏನು ಬೇಕಾದರೂ ನುಂಗಿಕೊಳ್ಳಬಹುದು ಎಂದೇ ಇಷ್ಟು ದಿನ ನುಂಗಿದ್ದು. ಅತ್ತಿಗೆ ಒಂದು ಮಾತು ಹೇಳಿದರೆ ಮುದುಕಿ ನಾಳೆ ಬೇರೆ ಯಾರದೋ ಮಗುವನ್ನು ಹೊರುತ್ತದೆ, ಈ ಹುಡುಗಿಗೆ ವಾರದ ಕೊನೆಯೆಂದರೆ ಬರೀ ಮನೆಯ ಗೋಡೆ. ಅದು ಅವಳಿಗೆ ಗೊತ್ತು, ಅತ್ತಿಗೆಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ದೊಡ್ಡ ಜೀನನ್ನು ಮೊದಲು ಹಾಕಿದರು. ಅತ್ತಿಗೆ ಹೊಟ್ಟೆಪಟ್ಟಿ ಬಿಗಿಯುವಾಗ ಮುದುಕಿ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಂಡಿತು. ಸೋಮಾರಿ, ಕೆಲಸ ಅಂದರೆ ಆಗಲ್ಲ ಎಂದು ಅತ್ತಿಗೆ ಅದರ ಕುತ್ತಿಗೆಗೊಂದು ಕೊಟ್ಟರು. ಜೀರಿಗೆ ಹತ್ತಿ ಕೂತಳು. ದಾರಿಯಲ್ಲಿ ಮನೆಯಿಂದ ತಂದುಕೊಂಡ ಗಂಡನ ಬೂದು ಕಾಲುಚೀಲ ತೊಟ್ಟ ರಿಕಾಪಿನ ಪಟ್ಟಿಗಳು ಎರಡೂ ಬದಿಯಲ್ಲಿ ನಗೆಪಾಟಲಾಗಿ ತೂಗಿದವು. ನಡಿಗೆಯಲ್ಲಿ ಹೇಗೋ ನಡೆಯಿತು. ಸಣ್ಣ ಓಟಕ್ಕೆ ಬಿಟ್ಟಾಗ ಹುಡುಗಿ ಪ್ರತಿ ಹೆಜ್ಜೆಗೂ ಹಿಂದೆ ಜಾರಿದಳು, ಮುಂದೆ ತೂಗಿದಳು, ಮತ್ತೆ ಜಾರಿದಳು. ಲಗಾಮನ್ನು ಹಿಡಿಯುವ ಬದಲು ಅದಕ್ಕೇ ನೇತುಬಿದ್ದಳು. ಹಿಂದೆ ಎರಡು ಸಲ ಬಿದ್ದವಳು, ಅದಕ್ಕೇ ಮಂಡಿಗೆ ಆನಿಸೋಕೆ ದಪ್ಪ ದಿಂಬು ಇರೋದನ್ನ ಆರಿಸಿದ್ದು ಎಂದು ಅತ್ತಿಗೆ ವಿವರಿಸುತ್ತಿದ್ದರು. ಆ ದಿಂಬು ಹುಡುಗಿಯ ಮಂಡಿಯಿಂದ ಒಂದು ಗೇಣು ದೂರದಲ್ಲಿ, ಬರುವ ವರ್ಷದ ಮಂಡಿಗಾಗಿ ಕಾಯುತ್ತಿತ್ತು. ಹೊಂದ್ಕೊಳ್ತಾಳೆ, ಎಂದರು ಅತ್ತಿಗೆ. ಆ ಒಂದು ಮಾತನ್ನು ಅವರು ಹೇಳದೆ ಇದ್ದಿದ್ದರೆ ಅವಳು ಇವತ್ತೂ ಸುಮ್ಮನಿರುತ್ತಿದ್ದಳೋ ಏನೋ.

‘ಅತ್ತಿಗೆ, ಅದು ಅವಳಿಗೆ ದೊಡ್ಡದು.’

‘ಬೆಳೀತಾಳೆ ಕಣೆ.’

‘ಬೆಳೆದಾಗ ಬೆಳೀಲಿ. ಇವತ್ತು ಅದರ ಮೇಲೆ ಕೂತಿರೋದು ಇವತ್ತಿನ ಹುಡುಗಿ.’

ಅತ್ತಿಗೆ ನಿಧಾನವಾಗಿ ಕೈಗವಸು ಬಿಚ್ಚಿದರು. ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾಗಿತ್ತು. ‘ನೀನು ಯಾವತ್ತಾದ್ರೂ ಕುದುರೆ ಹತ್ತಿದೀಯಾ?’

‘ಇಲ್ಲ. ಅಳತೆಗೆ ಬರದೇ ಇರೋದನ್ನ ಹಾಕ್ಕೊಂಡು ನಡೆದು ಗೊತ್ತು.’

ಅಂಗಳದ ಆಚೆ ಹುಲ್ಲು ಹರಡುತ್ತಿದ್ದ ಲಾಯದವನು ಕೈ ನಿಲ್ಲಿಸಿದ. ಅವಳಿಗೆ ಮಾತು ನಿಲ್ಲಿಸಲಾಗಲಿಲ್ಲ, ನಿಲ್ಲಿಸಬೇಕೆಂದೂ ಅನ್ನಿಸಲಿಲ್ಲ. ಇಳಿ ಜೀರಿಗೆ ಎಂದಳು. ಇಳಿಯುವಾಗ ಹುಡುಗಿ ಅತ್ತೆಯ ಮುಖವನ್ನೂ ಅಮ್ಮನ ಮುಖವನ್ನೂ ನೋಡಿ, ಎರಡರಲ್ಲೂ ಏನೂ ಸಿಕ್ಕದೆ, ಮುದುಕಿಯ ಮುಖ ನೋಡಿದಳು. ಸಣ್ಣ ಜೀನನ್ನು ಅಮ್ಮನೇ ಕಾರಿನಿಂದ ಹೊತ್ತು ತಂದಳು. ಹೇಗೆ ಹಾಕುವುದೆಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲೂ ಇಲ್ಲ. ಅತ್ತಿಗೆ ಕೈ ಕಟ್ಟಿಕೊಂಡು ನಿಂತುಬಿಟ್ಟಿದ್ದರು, ಮಾಡ್ಕೋ ನೋಡೋಣ ಎನ್ನುವ ಹಾಗೆ. ಮಗಳು ಸದ್ದಿಲ್ಲದೆ ಬಂದು ದೊಡ್ಡದನ್ನು ಇಳಿಸಿ, ಇದನ್ನು ಏರಿಸಿ, ಹೊಟ್ಟೆಪಟ್ಟಿಯನ್ನು ಸಿಕ್ಕಿಸಿ ಬಿಗಿದಳು, ಹತ್ತಿದಳು.

ಜೀನು ಹುಡುಗಿಗೆ ಅಚ್ಚು ಹಾಕಿದಂತೆ ಕೂತಿತು. ಕಣ್ಣಿದ್ದ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಹಿಂದೆ ಅಂಗೈ ಹಿಡಿಸುವಷ್ಟೇ ಜಾಗ, ಮಂಡಿ ಇರಬೇಕಾದಲ್ಲೇ ಮಂಡಿ, ಕಿವಿಯಿಂದ ಹಿಮ್ಮಡಿಯವರೆಗೆ ಒಂದೇ ಗೆರೆ. ಮಗಳು ಇಷ್ಟು ಎತ್ತರವಿದ್ದಾಳೆಂದು ಅವಳಿಗೆ ಮೊದಲ ಸಲ ಗೊತ್ತಾಯಿತು. ಇಷ್ಟೇ ಅಲ್ಲವೇ ಬೇಕಿದ್ದದ್ದು, ಇಷ್ಟು ಸಣ್ಣದು. ಒಬ್ಬಳಿಗೆ ಅವಳಷ್ಟೇ ಜಾಗ. ಅವಳು ಬೇಲಿಗೆ ಒರಗಿ ಮಾತಾಡತೊಡಗಿದಳು, ಮಾತು ತಾನೇ ತಾನಾಗಿ ಬಂತು: ನೋಡಿ ಅತ್ತಿಗೆ, ಬೆನ್ನು ನೋಡಿ, ಕಾಲು ನೋಡಿ, ಎರಡು ವರ್ಷಕ್ಕೆ ಸಣ್ಣದಾದರೆ ಆಗಲಿ, ಆಗ ಇನ್ನೊಂದು ತಗೊಳ್ತೀವಿ, ನಾನು ದುಡಿಯುತ್ತೀನಲ್ಲ, ಇವಳು ಯಾರಿಗೋಸ್ಕರವೂ ಬೆಳೆಯಬೇಕಾಗಿಲ್ಲ. ದನಿ ಏರುತ್ತಿತ್ತು. ಇಷ್ಟು ವರ್ಷ ಆಡದೆ ಉಳಿದದ್ದೆಲ್ಲ ಒಟ್ಟಿಗೆ ಬರುತ್ತಿದೆ ಎಂದು ಅವಳಿಗೇ ಕೇಳಿಸುತ್ತಿತ್ತು, ಮತ್ತು ಅದು ರುಚಿಯಾಗಿತ್ತು. ಕನ್ನಡಿಯ ಮಾತನ್ನೂ ಇವತ್ತೇ ಆಡಿಬಿಡಬಹುದಿತ್ತು. ಅತ್ತಿಗೆಯ ಮುಖ ಬಿಳಿಚಿತ್ತು. ಗೆದ್ದೆ ಎಂದುಕೊಂಡಳು. ಗೆದ್ದದ್ದಕ್ಕೆ ಒಂದು ಸಾಕ್ಷಿ ಬೇಕೆನ್ನಿಸಿತು.

‘ನೀನೇ ಹೇಳು ಜೀರಿಗೆ, ಇದೇ ಅಲ್ವಾ ಸರಿ? ಅತ್ತೆಗೆ ಹೇಳು.’

ಹುಡುಗಿ ಲಗಾಮಿನ ಕಡೆ ನೋಡುತ್ತ, ‘ಚೆನ್ನಾಗಿದೆ ಅಮ್ಮ’ ಎಂದಳು.

ಅದೇ ದನಿ. ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲದ ಅದೇ ದನಿ, ಅತ್ತೆ ಇದ್ದ ಕಡೆ ಅಮ್ಮ ಎಂದು ಬಂದದ್ದು ಬಿಟ್ಟರೆ. ಕಪಾಳಕ್ಕೆ ಹೊಡೆದರೆ ಇಷ್ಟು ಉರಿಯುತ್ತಿರಲಿಲ್ಲ. ತಾನು ಬೇಲಿಗೆ ಒರಗಿ ನಿಂತ ಭಂಗಿ, ಕೈಯಾಡಿಸಿದ ರೀತಿ, ಮಗುವನ್ನು ಮೇಲೆ ಕೂರಿಸಿ ಕೆಳಗಿಂದ ಉತ್ತರ ಕೇಳಿದ ರೀತಿ, ಎಲ್ಲ ಅವಳಿಗೆ ಒಮ್ಮೆಗೇ ಕಂಡಿತು. ಅಂಗಡಿಯಲ್ಲಿ ಆ ಖಾಲಿ ಜಾಗವನ್ನು ತಟ್ಟಿದ ಅಂಗೈಗೂ ಇದಕ್ಕೂ ಏನು ವ್ಯತ್ಯಾಸ? ಅವರು ಮುಂದೆ ಬರಲಿರುವ ಹುಡುಗಿಯನ್ನು ಕೂರಿಸಲು ಹೊರಟಿದ್ದರು, ತಾನು ಹಿಂದೆ ಎಂದೋ ಮೈದಾನದಲ್ಲಿ ಒಂಟಿ ಶೂ ತೊಟ್ಟು ನಡೆದವಳನ್ನು ಎತ್ತಿ ಕೂರಿಸಿ ಚಪ್ಪಾಳೆಗೆ ಕಾಯುತ್ತಿದ್ದಳು. ನಾಚಿಕೆಯಾಯಿತು. ಮಗಳ ಹತ್ತಿರ ಹೋದಳು. ಜೀನಿನ ಮೇಲೆ ಕೈಯಿಟ್ಟು, ಇವತ್ತು ಬೆಳಿಗ್ಗೆ ನಾನು ಹೇಳಿದ್ದನ್ನ ಬಿಟ್ಟುಬಿಡು ಎಂದಷ್ಟೇ, ಅತ್ತಿಗೆಗೆ ಕೇಳಿಸದ ಹಾಗೆ ಹೇಳಿದಳು.

ಜೀರಿಗೆ ಬಗ್ಗಿ ಮುದುಕಿಯ ಕಿವಿಯ ಬುಡವನ್ನು ಬೆರಳಿನಿಂದ ಸವರಿದಳು. ಕಿವಿಗಳು ತಲೆಗೆ ಅಂಟಿದಂತೆ ಹಿಂದಕ್ಕೆ ಮಡಚಿಕೊಂಡಿದ್ದವು. ‘ಇವಳು ಆಗಿಂದ ಹೀಗೇ ಇದಾಳೆ’ ಎಂದಳು. ‘ಅದು ಹಾಕಿದಾಗ್ಲೂ. ಇದು ಹಾಕಿದಾಗ್ಲೂ. ನೀವಿಬ್ರೂ ನನ್ನೇ ನೋಡ್ತಿದೀರಿ.’ ಅಮ್ಮನ ಕೈಯನ್ನು ಎಳೆದು ಜೀನಿನ ಮುಂಭಾಗದ ಕೆಳಗೆ, ಕುದುರೆಯ ಹೆಗಲು ಏಳುವಲ್ಲಿ ತೂರಿಸಿದಳು. ಬೆರಳ ತುದಿ ಹೋಯಿತು, ಗೆಣ್ಣು ಹೋಗಲಿಲ್ಲ. ಒಳಗಿನ ಅದೇ ಇಕ್ಕಟ್ಟಿನ ಗಟ್ಟಿ ಚೌಕಟ್ಟು ಮಾಂಸವನ್ನು ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿದಿತ್ತು. ಮುದುಕಿಯ ಚರ್ಮ ಅವಳ ಬೆರಳಿನ ಕೆಳಗೆ ಸರ್ರನೆ ನಡುಗಿತು. ಹೊಂದದೆ ಇರುವುದು ಯಾವುದೆಂದು ಅವಳ ಬೆರಳಿಗೆ ಯಾರೂ ಹೇಳಬೇಕಿರಲಿಲ್ಲ. ಕೆಳಗಿನ ದವಡೆಯ ಅಚ್ಚು ನೋಡದೆ ಮೇಲಿನ ಸೆಟ್ಟನ್ನು ಅವಳು ಯಾವತ್ತೂ ಮಾಡಿದವಳಲ್ಲ. ಆದರೂ ಅಂಗಡಿಯಲ್ಲಿ ಕುದುರೆಯ ಮಾತು ಬಂದಾಗ, ಬೇಗ ಮುಗಿಯಲಿ ಎಂದು ಕಾದಿದ್ದಳು.

ಹುಡುಗಿ ಇಳಿದಳು. ಯಾರನ್ನೂ ಕೇಳದೆ ಹೊಟ್ಟೆಪಟ್ಟಿ ಸಡಿಲಿಸಿ, ಜೀನನ್ನು ಎರಡೂ ಕೈಯಲ್ಲಿ ಎಳೆದು, ಅದರ ಭಾರಕ್ಕೆ ಒಂದು ಹೆಜ್ಜೆ ಹಿಂದೆ ತೂರಾಡಿ, ಅಮ್ಮನ ತೋಳಿನ ಮೇಲೆ ಹಾಕಿದಳು. ಮುದುಕಿ ದೊಡ್ಡದಾಗಿ ಉಸಿರು ಬಿಟ್ಟಿತು. ‘ಎರಡೂ ಬೇಡ’ ಎಂದಳು ಜೀರಿಗೆ. ‘ಇವಳು ದಪ್ಪ ಆಗಿದಾಳೆ. ಮೊದಲು ಇವಳ ಅಳತೆ ತಗೋಬೇಕು, ಆ ಬಾಗೋ ಪಟ್ಟಿಯಲ್ಲಿ. ಆಮೇಲೆ ನಂದು.’

ಅತ್ತಿಗೆ ಈಗ ಮುಂದೆ ಬಂದರು. ಮುದುಕಿಯ ಬೆನ್ನಿನ ಮೇಲೆ ಕೈಯಿಡಲಿಲ್ಲ. ಇಟ್ಟಿದ್ದರೆ ಅವರಿಗೂ ತಿಳಿಯುತ್ತಿತ್ತು, ಅವರಿಗಿಂತ ಚೆನ್ನಾಗಿ ಯಾರಿಗೆ ತಿಳಿಯುತ್ತದೆ. ಅವರ ಕಣ್ಣಿನಲ್ಲಿದ್ದದ್ದು ಬೇಲಿ ಹಾರುತ್ತಿದ್ದ ತೆಳು ಬೆನ್ನಿನ ಕುದುರೆಯೇ ಇರಬೇಕು, ಅದರ ಮೇಲೆ ಅವರ ಮಗಳು. ಈ ಕುದುರೆ ಬಗ್ಗೆ ನನಗೆ ಹೇಳಿಕೊಡೋಕೆ ಬಂದಳು ನೋಡು ಎಂದು ಲಾಯದವನ ಕಡೆ ತಿರುಗಿ ನಕ್ಕರು, ಅವನು ನಗಲಿಲ್ಲ. ಆಗ ಹುಡುಗಿಯ ಕಡೆ ಬಗ್ಗಿ, ದನಿ ಏರಿಸದೆ, ‘ನಾನು ಹೇಳಿದ ಜೀನು ಹಾಕೋದಾದ್ರೆ ಹಾಕು. ಇಲ್ಲಾಂದ್ರೆ ಮುದುಕಿ ಇನ್ಮೇಲೆ ಆಚೆ ಬರಲ್ಲ’ ಎಂದರು.

ಕೊನೆಗೂ ಆ ಮಾತನ್ನು ಬಾಯಿಬಿಟ್ಟು ಹೇಳಿದರಲ್ಲ ಎಂದು ಅವಳಿಗೆ ಒಂದು ಥರದ ನಿರಾಳವೇ ಆಯಿತು. ಜೀರಿಗೆಯ ಕೆಳತುಟಿ ಅದುರಿತು. ಮುದುಕಿಯ ಕುತ್ತಿಗೆಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು, ಈಗಲೇ ಯಾರೋ ಎಳೆದುಕೊಂಡು ಹೋಗುತ್ತಾರೇನೋ ಎಂಬಂತೆ. ಅಳುತ್ತಾಳೆ ಎಂದು ಅಮ್ಮ ಅಂದುಕೊಂಡಳು. ಅಳಲಿಲ್ಲ. ‘ಬೇಡ ಅತ್ತೆ’ ಎಂದಳು. ‘ಇವಳಿಗೆ ನೋಯ್ಸಿ ನಂಗೆ ಹತ್ತೋದು ಬೇಡ.’ ಹೇಳಿ ಮುಗಿಸಿ, ಅಮ್ಮನ ಕಡೆ ತಿರುಗಿ, ಗಲ್ಲ ಮೇಲೆತ್ತಿ ನಿಂತಳು. ಬೈಸಿಕೊಳ್ಳಲು ತಯಾರಾಗಿ ನಿಂತ ನಿಲುವು ಅದು.

ಬೈಗುಳ ಬಾಯಿಗೆ ಬಂದೂ ಇತ್ತು. ದೊಡ್ಡವರಿಗೆ ಹಾಗೆಲ್ಲ ಎದುರಾಡ್ತಾರಾ, ಸಾರಿ ಕೇಳು ಅತ್ತೆಗೆ. ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು, ಬಿಟ್ಟರೆ ಸಾಕು, ತಾನೇ ಹೋಗಿ ಎಲ್ಲವನ್ನೂ ಸರಿಮಾಡಿ ಬರುತ್ತಿತ್ತು. ಅತ್ತಿಗೆ ಅದಕ್ಕಾಗಿಯೇ ಕಾಯುತ್ತಿದ್ದರು. ಅವರ ಮುಖದಲ್ಲಿ ಆಗಲೇ ಅರ್ಧ ಕ್ಷಮೆ ಇತ್ತು. ಒಂದು ಮಾತಿಗೆ ಕುದುರೆ ಉಳಿಯುತ್ತಿತ್ತು. ಮಗಳ ಮೂಗಿನ ಕೆಂಪು ಉಳಿಯುತ್ತಿತ್ತು. ಗಂಡ ರಾತ್ರಿ ಊಟಕ್ಕೆ ಕೂತು ನಾನು ಹೇಳಲಿಲ್ವಾ ಎನ್ನುತ್ತಿದ್ದ, ಅವಳು ಹೂಂ ಎನ್ನುತ್ತಿದ್ದಳು. ಗೆಲ್ಲುವ ಆಸೆಯೆಲ್ಲ ಆಗಲೇ ಇಳಿದು ಹೋಗಿತ್ತು. ಉಳಿದಿದ್ದದ್ದು ಈ ಹುಡುಗಿ ಎರಡು ಕಾಲ ಮೇಲೆ ನಿಂತಿರುವುದು, ಮತ್ತು ಅವಳು ಹೀಗೆ ನಿಂತದ್ದಕ್ಕೆ ತೆರಬೇಕಾದದ್ದು. ಅದು ಸಣ್ಣದಲ್ಲ. ಮುದುಕಿಯ ನರೆತ ಹುಬ್ಬನ್ನು ನೋಡಿದರೆ ಅವಳಿಗೇ ಎದೆ ಹಿಂಡುತ್ತಿತ್ತು. ಅವಳು ಜೀನನ್ನು ತೋಳಿನ ಮೇಲೆ ಸರಿಮಾಡಿಕೊಂಡು, ನಡೆದು ಹೋಗಿ ಮಗಳ ಪಕ್ಕದಲ್ಲಿ ನಿಂತಳು.

‘ಬೇಡ ಅಂದಳಲ್ಲ ಅತ್ತಿಗೆ’ ಎಂದಳು. ‘ನಿಮಗೊಬ್ಬರಿಗೇ ಅಲ್ಲ, ನನಗೂ ಸೇರಿಸೇ ಅಂದಿದ್ದು. ನನಗೆ ಕೇಳಿಸ್ತು.’